ಜನರನ್ನೇ ನೇರವಾಗಿ ಕೇಳಿದಾಗ

ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜಕಾರಣವೆಂದರೆ ನಮ್ಮ ಮನೆಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಧ್ಯಕ್ಷರ ಚುನಾವಣೆಯೆಂದೇ ತಿಳಿಯುವುದು ರೂಢಿ. ಯಾರು ಗೆದ್ದರು, ಯಾರು ಸೋತರು, ಇನ್ನು ವೀಸಾ ನಿಯಮಗಳು ಬಿಗಿಯಾಗುವುವೋ ಸಡಿಲಗೊಳ್ಳುವುವೋ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಆದರೆ ಆ ದೇಶದ ಬಡ ದುಡಿಮೆಗಾರನೊಬ್ಬನು ಕಾಯಿಲೆ ಬಿದ್ದಾಗ ಅವನಿಗೆ ವೈದ್ಯರ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದು ಅಧ್ಯಕ್ಷರಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಐವತ್ತು ರಾಜ್ಯಗಳ ಪೈಕಿ ಯಾವ ರಾಜ್ಯದಲ್ಲಿ ಅವನ ಮನೆಯಿದೆ ಎಂಬುದೂ ಅಷ್ಟೇ ಮಟ್ಟಿಗೆ ಅದನ್ನು ನಿರ್ಧರಿಸುತ್ತದೆ. ಈ ಸಂಚಿಕೆಯಲ್ಲಿ ನಾವು ಓದುಗ ಬಂಧುಗಳ ಗಮನಕ್ಕೆ ತರಬಯಸುವುದು ಈ ಸಂಗತಿಯನ್ನು. ಅದರೊಡನೆ ಹೆಣೆದುಕೊಂಡಿರುವ ಇನ್ನೊಂದು ದೊಡ್ಡ ಪ್ರಶ್ನೆಯನ್ನು.

ಟೆಕ್ಸಾರ್ಕಾನ ಎಂಬುದೊಂದು ಊರು. ಅದರ ಅರ್ಧ ಭಾಗ ಟೆಕ್ಸಾಸ್ ರಾಜ್ಯದಲ್ಲಿದೆ, ಇನ್ನರ್ಧ ಅರ್ಕನ್ಸಾ ರಾಜ್ಯದಲ್ಲಿದೆ. ಎರಡು ರಾಜ್ಯಗಳ ಗಡಿ ಊರಿನ ಒಂದು ಬೀದಿಯ ನಡುವೆ ಹಾದುಹೋಗುತ್ತದೆ; ಅಲ್ಲಿಯ ಅಂಚೆ ಕಚೇರಿಯ ಕಟ್ಟಡವೂ ಗಡಿಯ ಮೇಲೆಯೇ ನಿಂತಿದೆ. ಬೀದಿಯ ಈಚೆ ಬದಿಯಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಬಡವನಿಗೆ ಸರಕಾರದ ವೈದ್ಯಕೀಯ ನೆರವು ದೊರೆಯುತ್ತದೆ. ಆಚೆ ಬದಿಯಲ್ಲಿ ಅದೇ ಕೆಲಸವನ್ನು ಅದೇ ಕೂಲಿಗೆ ಮಾಡುವ ಇನ್ನೊಬ್ಬನಿಗೆ, ಮಕ್ಕಳಿಲ್ಲದ ಆರೋಗ್ಯವಂತ ವಯಸ್ಕನೆಂಬ ಕಾರಣಕ್ಕೆ, ಅದು ದೊರೆಯುವುದಿಲ್ಲ. ಒಂದೇ ದೇಶ, ಒಂದೇ ಊರು, ಒಂದೇ ಬಡತನ. ಆದರೂ ಇಬ್ಬರಿಗೆ ಎರಡು ನ್ಯಾಯ. ಇದು ಹೇಗೆ ಉಂಟಾಯಿತು?

ಇದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸಮ್ಮುಖದಲ್ಲಿ ಒಂದು ಮಸೂದೆಗೆ ಸಹಿ ಹಾಕಿದರು. ಅದರಿಂದ ಎರಡು ಯೋಜನೆಗಳು ಹುಟ್ಟಿಕೊಂಡವು. ಅರವತ್ತೈದು ವರ್ಷ ತುಂಬಿದ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೊದಲನೆಯದು ಸಂಪೂರ್ಣವಾಗಿ ಕೇಂದ್ರ ಸರಕಾರದ್ದು. ಎರಡನೆಯದರ ವೆಚ್ಚವನ್ನು ಕೇಂದ್ರವೂ ರಾಜ್ಯವೂ ಹಂಚಿಕೊಳ್ಳುತ್ತವೆ. ಕೇಂದ್ರವು ಕನಿಷ್ಠ ಅರ್ಧ ಪಾಲನ್ನಾದರೂ ಕೊಡುತ್ತದೆ. ಮಿಸಿಸಿಪ್ಪಿಯಂತಹ ಬಡ ರಾಜ್ಯಗಳಿಗೆ ಮುಕ್ಕಾಲು ಪಾಲಿಗೂ ಮಿಗಿಲಾಗಿ ಕೊಡುತ್ತದೆ. ಆದರೆ ಯೋಜನೆಯನ್ನು ಒಪ್ಪುವುದು ಬಿಡುವುದು ರಾಜ್ಯದ ಇಚ್ಛೆಗೆ ಸೇರಿದ್ದು. ಅರಿಜೋನ ರಾಜ್ಯವು ಎಲ್ಲರಿಗಿಂತ ಕಡೆಯದಾಗಿ 1982ರಲ್ಲಿ ಬಂದು ಸೇರಿಕೊಂಡಿತು.

ಮೊದಲಿನಿಂದಲೂ ಮೆಡಿಕೇಡ್ ಎಲ್ಲ ಬಡವರಿಗೂ ಸಲ್ಲುತ್ತಿರಲಿಲ್ಲ. ಮಕ್ಕಳು, ಗರ್ಭಿಣಿಯರು, ಅಂಗವಿಕಲರು, ಅತಿ ಬಡ ತಂದೆತಾಯಿಗಳು ಹೀಗೆ ಗೊತ್ತುಪಡಿಸಿದ ವರ್ಗಗಳಿಗೆ ಮಾತ್ರ ಅದು ಮೀಸಲಾಗಿತ್ತು. ಬಡವನಾಗಿರುವುದೊಂದೇ ಸಾಕಾಗುತ್ತಿರಲಿಲ್ಲ. 2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮ ಅವರು ಸಹಿ ಮಾಡಿದ ಆರೋಗ್ಯ ಸುಧಾರಣಾ ಕಾನೂನು ಈ ಕೊರತೆಯನ್ನು ನೀಗಲು ಹೊರಟಿತು. ಬಡತನದ ರೇಖೆಯ ಶೇಕಡಾ 138ರಷ್ಟು ಆದಾಯದವರೆಗಿನ ಎಲ್ಲ ವಯಸ್ಕರಿಗೂ ಮೆಡಿಕೇಡ್ ವಿಸ್ತರಿಸಬೇಕೆಂದು ಅದು ವಿಧಿಸಿತು. 2025ರ ಲೆಕ್ಕದಂತೆ ಒಬ್ಬಂಟಿ ವ್ಯಕ್ತಿಗೆ ಬಡತನದ ರೇಖೆ ವರ್ಷಕ್ಕೆ 15,650 ಡಾಲರು. ಹೊಸದಾಗಿ ಸೇರುವವರ ವೆಚ್ಚವನ್ನು ಮೊದಲ ಮೂರು ವರ್ಷ ಪೂರ್ತಿಯಾಗಿ ಕೇಂದ್ರವೇ ಭರಿಸುವುದು. ಕ್ರಮೇಣ ಅದು ಇಳಿದು 2020ರಿಂದ ಶೇಕಡಾ 90ಕ್ಕೆ ನಿಲ್ಲುವುದು. ರಾಜ್ಯದ ಪಾಲು ಹತ್ತರಲ್ಲಿ ಒಂದು ಭಾಗ ಮಾತ್ರ.

ಆದರೆ 2012ರ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯವು ಈ ಕಾನೂನನ್ನು ಎತ್ತಿಹಿಡಿಯುತ್ತಲೇ ಅದರ ಒಂದು ಕೀಲನ್ನು ಸಡಿಲಿಸಿತು. ವಿಸ್ತರಣೆಯನ್ನು ಒಪ್ಪದ ರಾಜ್ಯಗಳಿಗೆ ಹಳೆಯ ಮೆಡಿಕೇಡ್ ಹಣವನ್ನೂ ನಿಲ್ಲಿಸುವ ಅಧಿಕಾರ ಕೇಂದ್ರಕ್ಕೆ ಇತ್ತು. ಇದು ರಾಜ್ಯಗಳ ಮೇಲಿನ ಬಲಾತ್ಕಾರವೆಂದು ನ್ಯಾಯಾಲಯ ತೀರ್ಮಾನಿಸಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಈ ಅಭಿಪ್ರಾಯಕ್ಕೆ ಸೇರಿದರು. ಅಂದಿನಿಂದ ವಿಸ್ತರಣೆಯು ಪ್ರತಿಯೊಂದು ರಾಜ್ಯದ ಆಯ್ಕೆಯಾಯಿತು. ರಿಪಬ್ಲಿಕನ್ ಪಕ್ಷದ ಹಿಡಿತದಲ್ಲಿದ್ದ ಅನೇಕ ರಾಜ್ಯಗಳು, ಒಬಾಮ ಅವರ ಹೆಸರು ಅಂಟಿಕೊಂಡ ಯೋಜನೆ ತಮಗೆ ಬೇಡವೆಂದವು.

ಇದರಿಂದ ಒಂದು ವಿಚಿತ್ರವಾದ ಕಂದಕ ಉಂಟಾಯಿತು. ಬಡತನದ ರೇಖೆಗಿಂತ ಮೇಲಿರುವವರಿಗೆ ವಿಮೆ ಕೊಳ್ಳಲು ಕೇಂದ್ರದ ಸಹಾಯಧನ ದೊರೆಯುತ್ತದೆ. ರೇಖೆಗಿಂತ ಕೆಳಗಿನವರೆಲ್ಲ ಮೆಡಿಕೇಡಿಗೆ ಸೇರಿರುತ್ತಾರೆಂದು ಕಾನೂನು ಬರೆದವರು ನಂಬಿದ್ದರಿಂದ ಅವರಿಗೆ ಸಹಾಯಧನದ ಏರ್ಪಾಟು ಇಡಲಿಲ್ಲ. ಆದ್ದರಿಂದ ವಿಸ್ತರಣೆಯನ್ನು ನಿರಾಕರಿಸಿದ ರಾಜ್ಯಗಳಲ್ಲಿ ಹೆಚ್ಚು ಬಡವನಾದವನಿಗೆ ಏನೂ ಇಲ್ಲ, ಅವನಿಗಿಂತ ಸ್ವಲ್ಪ ಉಳ್ಳವನಿಗೆ ನೆರವು ಉಂಟು. ಟೆಕ್ಸಾಸಿನಲ್ಲಿ ಮಕ್ಕಳಿರುವ ತಂದೆತಾಯಿಗಳೂ ಮೆಡಿಕೇಡಿಗೆ ಅರ್ಹರಾಗಬೇಕಾದರೆ ಅವರ ಆದಾಯ ಬಡತನದ ರೇಖೆಯ ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿರಬೇಕು. ಇದರ ಪರಿಣಾಮ ಕಾಗದದ ಮೇಲೆ ನಿಲ್ಲುವುದಿಲ್ಲ. ಸಾರಾ ಮಿಲ್ಲರ್ ಮೊದಲಾದ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನವು 55ರಿಂದ 64 ವರ್ಷದೊಳಗಿನ ಬಡವರನ್ನು ಪರಿಶೀಲಿಸಿತು. ವಿಸ್ತರಣೆ ಮಾಡದ ರಾಜ್ಯಗಳು ಅದನ್ನು ಮಾಡಿದ್ದರೆ 2014ರಿಂದ 2017ರವರೆಗಿನ ನಾಲ್ಕೇ ವರ್ಷಗಳಲ್ಲಿ ಆ ವಯಸ್ಸಿನವರ ಸುಮಾರು 15,600 ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು ಅವರು ಲೆಕ್ಕ ಹಾಕಿದರು.

ಇಲ್ಲಿಂದ ಮುಂದಿನ ಕಥೆಯೇ ನಮ್ಮ ಇಂದಿನ ಮುಖ್ಯ ವಿಷಯ. ಶಾಸನಸಭೆಗಳು ಬೇಡವೆಂದ ಮೇಲೆ ಜನರು ಏನು ಮಾಡಬೇಕು? ನಮ್ಮ ದೇಶದಲ್ಲಾದರೆ ಮುಂದಿನ ಚುನಾವಣೆಯನ್ನು ಕಾಯಬೇಕು. ನಮ್ಮ ಸಂವಿಧಾನದಲ್ಲಿ ಮತದಾರರು ತಾವೇ ಕಾನೂನೊಂದನ್ನು ಬರೆದು ಮತಕ್ಕೆ ಇಡುವ ಏರ್ಪಾಟು ಇಲ್ಲ. ಅಮೆರಿಕೆಯ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಅಂತಹ ಏರ್ಪಾಟು ಉಂಟು. ಗೊತ್ತಾದ ಸಂಖ್ಯೆಯ ಮತದಾರರು ಸಹಿ ಮಾಡಿಕೊಟ್ಟರೆ ಆ ಪ್ರಸ್ತಾವವು ಮತಪತ್ರದ ಮೇಲೆ ಬರುತ್ತದೆ. ಬಹುಮತ ದೊರೆತರೆ ಕಾನೂನಾಗುತ್ತದೆ. ಇದನ್ನು ಮೊಟ್ಟಮೊದಲು ತನ್ನ ಸಂವಿಧಾನದಲ್ಲಿ ಅಳವಡಿಸಿಕೊಂಡ ರಾಜ್ಯ ದಕ್ಷಿಣ ಡಕೋಟ, ವರ್ಷ 1898. ಅದಕ್ಕಾಗಿ ದುಡಿದವರಲ್ಲಿ ಅಗ್ರಗಣ್ಯರು ಅಬರ್ಡೀನ್ ಎಂಬ ಊರಿನ ರಾಬರ್ಟ್ ಹೇರ್ ಎಂಬ ಕ್ಯಾಥೊಲಿಕ್ ಪಾದ್ರಿಗಳು. ಕಾರ್ಮಿಕರ ಪರವಾಗಿ ನಿಂತ ಆ ಧರ್ಮಗುರುಗಳು, ರೈಲ್ವೆ ಕಂಪನಿಗಳ ಹಿಡಿತಕ್ಕೆ ಸಿಕ್ಕ ಶಾಸನಸಭೆಗಳ ಕಾಲದಲ್ಲಿ, ಕಾನೂನಿನ ಕೀಲಿಕೈ ಜನರ ಕೈಯಲ್ಲೂ ಒಂದು ಇರಲಿ ಎಂದು ಹೋರಾಡಿದರು. ಒಂದು ಶತಮಾನ ಕಳೆದ ಮೇಲೆ ಆ ಕೀಲಿಕೈಯನ್ನೇ ಬಡವರ ಔಷಧೋಪಚಾರಕ್ಕಾಗಿ ಬಳಸಲಾಯಿತು.

ಮೊದಲು ಮುಂದಾದದ್ದು ಮೇನ್ ರಾಜ್ಯ. ಅಲ್ಲಿನ ಗವರ್ನರ್ ಪಾಲ್ ಲೆಪೇಜ್ ಅವರು ವಿಸ್ತರಣೆಯ ಮಸೂದೆಗಳನ್ನು ಐದು ಬಾರಿ ತಡೆದಿದ್ದರು. 2017ರ ನವೆಂಬರಿನಲ್ಲಿ ಮತದಾರರು ಶೇಕಡಾ 59ರಷ್ಟು ಬೆಂಬಲದಿಂದ ಅದನ್ನು ತಾವೇ ಅಂಗೀಕರಿಸಿದರು. ಆದರೂ ಗವರ್ನರರು ಜಾರಿಗೆ ತರಲಿಲ್ಲ. ಅದಕ್ಕಿಂತ ಸೆರೆಮನೆಗೆ ಹೋಗುವುದೇ ಲೇಸೆಂಬ ಮಾತನ್ನೂ ಆಡಿದರು. 2019ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಜಾನೆಟ್ ಮಿಲ್ಸ್ ಅವರು ಹೊರಡಿಸಿದ ಮೊದಲ ಆದೇಶವೇ ಇದನ್ನು ಜಾರಿಗೊಳಿಸುವುದಾಗಿತ್ತು. ಜನರು ಕೊಟ್ಟ ತೀರ್ಪು ಜನರನ್ನು ತಲುಪಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಐಡಹೊ ಎಂಬ ಗುಡ್ಡಗಾಡಿನ ರಾಜ್ಯದ ಕಥೆ ಇನ್ನೂ ಸ್ವಾರಸ್ಯವುಳ್ಳದ್ದು. ಅದು ರಿಪಬ್ಲಿಕನ್ ಪಕ್ಷದ ಭದ್ರಕೋಟೆ. 2017ರಲ್ಲಿ ಲ್ಯೂಕ್ ಮೇವಿಲ್ ಎಂಬ ತರುಣರೂ ಅವರ ಸಂಗಡಿಗರೂ ಒಂದು ಹಳೆಯ ವಾಹನಕ್ಕೆ ಹಸಿರು ಬಣ್ಣ ಬಳಿದು ಊರೂರು ಸುತ್ತಿದರು. ಅಲ್ಲಿಯ ನಿಯಮವು ಸುಲಭವಾದುದಲ್ಲ. 56 ಸಾವಿರಕ್ಕೂ ಹೆಚ್ಚು ಸಹಿಗಳು ಬೇಕಿದ್ದವು. ಅವು ರಾಜಧಾನಿಯ ಸುತ್ತಮುತ್ತ ಮಾತ್ರ ಕೂಡಿದರೆ ಸಾಲದು, 35 ಕ್ಷೇತ್ರಗಳಲ್ಲಿ 18 ಕ್ಷೇತ್ರಗಳಿಂದ ಗೊತ್ತಾದ ಪ್ರಮಾಣದಲ್ಲಿ ಬರಬೇಕಿತ್ತು. ಸ್ವಯಂಸೇವಕರು ಮನೆಮನೆಯ ಬಾಗಿಲು ತಟ್ಟಿ ಅದನ್ನು ಸಾಧಿಸಿದರು. 2018ರ ನವೆಂಬರಿನಲ್ಲಿ ಶೇಕಡಾ 60ಕ್ಕೂ ಮಿಗಿಲಾದ ಮತದಾರರು ಒಪ್ಪಿಗೆಯಿತ್ತರು. ಅದೇ ದಿನ ನೆಬ್ರಾಸ್ಕ ಮತ್ತು ಯೂಟಾ ರಾಜ್ಯಗಳೂ ಒಪ್ಪಿದವು. ಯೂಟಾದ ಮತದಾರರಂತೂ ಇದರ ವೆಚ್ಚಕ್ಕಾಗಿ ಮಾರಾಟ ತೆರಿಗೆಯನ್ನು ತಮ್ಮ ಮೇಲೆ ತಾವೇ ಹೆಚ್ಚಿಸಿಕೊಂಡರು.

2020ರ ಜೂನ್ 30ರಂದು ಓಕ್ಲಹೋಮ ಒಪ್ಪಿತು. ಅಂತರ ಆರೂವರೆ ಸಾವಿರ ಮತಗಳಷ್ಟು. ಆ ರಾಜ್ಯದ 77 ಕೌಂಟಿಗಳಲ್ಲಿ ಒಂದಾದರೂ ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯ ಪಾಲಾಗಲಿಲ್ಲವೆಂಬುದನ್ನು ನೆನೆದರೆ ಈ ಗೆಲುವಿನ ಬೆಲೆ ತಿಳಿಯುತ್ತದೆ. ಆಗಸ್ಟ್ 4ರಂದು ಮಿಸೌರಿ ಶೇಕಡಾ 53ರಷ್ಟು ಮತಗಳಿಂದ ಒಪ್ಪಿತು. 2022ರ ನವೆಂಬರಿನಲ್ಲಿ ದಕ್ಷಿಣ ಡಕೋಟ ಶೇಕಡಾ 56ರಷ್ಟು ಮತಗಳಿಂದ ಒಪ್ಪಿತು. ಅಲ್ಲಿ ರೈತ ಸಂಘಟನೆ, ದಾದಿಯರು, ವೈದ್ಯರ ಸಂಘ, ಕ್ಯಾಥೊಲಿಕ್ ಸನ್ಯಾಸಿನಿಯರು ಕಟ್ಟಿದ ಆಸ್ಪತ್ರೆ ಎಲ್ಲರೂ ಒಂದೇ ಪಕ್ಕದಲ್ಲಿ ನಿಂತಿದ್ದರು. ಹೀಗೆ ಏಳು ರಾಜ್ಯಗಳು. ಮೇನ್ ಒಂದನ್ನು ಬಿಟ್ಟರೆ ಉಳಿದ ಆರೂ 2016, 2020, 2024ರ ಮೂರು ಚುನಾವಣೆಗಳಲ್ಲೂ ಡೊನಾಲ್ಡ್ ಟ್ರಂಪ್ ಅವರಿಗೆ ಗೆಲುವು ಕೊಟ್ಟ ರಾಜ್ಯಗಳೇ. ಒಂದು ಸೋಲನ್ನೂ ಇಲ್ಲಿ ಹೇಳಬೇಕು. 2018ರಲ್ಲಿ ಮೊಂಟಾನ ರಾಜ್ಯದಲ್ಲಿ, ಆಗಲೇ ಜಾರಿಯಲ್ಲಿದ್ದ ವಿಸ್ತರಣೆಯನ್ನು ತಂಬಾಕಿನ ತೆರಿಗೆಯಿಂದ ಮುಂದುವರಿಸುವ ಪ್ರಸ್ತಾವವನ್ನು ಮತದಾರರು ತಿರಸ್ಕರಿಸಿದರು. ತಂಬಾಕು ಕಂಪನಿಗಳು ಅದರ ವಿರುದ್ಧ ಹೇರಳವಾಗಿ ಹಣ ಸುರಿದಿದ್ದವು. ಆದರೆ ಮರುವರ್ಷ ಅಲ್ಲಿಯ ಶಾಸನಸಭೆಯೇ ವಿಸ್ತರಣೆಯನ್ನು ಮುಂದುವರಿಸಿತು.

ಇದರಿಂದ ನಾವು ಕಲಿಯುವುದೇನು? ಮನುಷ್ಯನು ಪಕ್ಷಕ್ಕೆ ಮತ ಹಾಕುವಾಗ ಒಂದು ಬಗೆಯಾಗಿ ಯೋಚಿಸುತ್ತಾನೆ. ನೆರೆಮನೆಯವನ ಕಾಯಿಲೆಗೆ ಮತ ಹಾಕುವಾಗ ಬೇರೆ ಬಗೆಯಾಗಿ ಯೋಚಿಸುತ್ತಾನೆ. ಪಕ್ಷವೆಂಬುದು ಹತ್ತಾರು ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತದೆ. ಬಂದೂಕು, ಧರ್ಮ, ವಲಸೆ, ತೆರಿಗೆ, ಹಳೆಯ ನಿಷ್ಠೆ ಎಲ್ಲವೂ ಆ ಗಂಟಿನಲ್ಲಿರುತ್ತವೆ. ಗಂಟನ್ನು ಬಿಚ್ಚಿ ಒಂದೊಂದನ್ನೇ ಮುಂದಿಟ್ಟು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಸಂಪ್ರದಾಯನಿಷ್ಠ ರಾಜ್ಯದ ಜನ ಬಡವರನ್ನು ದ್ವೇಷಿಸುತ್ತಾರೆಂದು ನಗರಗಳ ಪ್ರಗತಿಪರರು ತಿಳಿದಿದ್ದರೆ ಅದು ತಪ್ಪು. ಅವರ ಪ್ರತಿನಿಧಿಗಳ ನಿರ್ಧಾರವೇ ಅವರ ಹೃದಯವೆಂದು ತಿಳಿಯುವುದೂ ತಪ್ಪು.

ಹೀಗೆ ಜನರು ಉತ್ತರ ಕೊಟ್ಟ ಮೇಲೆ ಅದನ್ನು ಪಾಲಿಸುವುದು ಪ್ರತಿನಿಧಿಗಳ ಧರ್ಮವಲ್ಲವೇ? ನಡೆದದ್ದು ಹಾಗಲ್ಲ. ಯೂಟಾದ ಶಾಸನಸಭೆಯು ಮತದಾನವಾದ ಸುಮಾರು ಮೂರು ತಿಂಗಳಲ್ಲಿ ಜನರ ಕಾನೂನನ್ನು ತೆಗೆದುಹಾಕಿ ಅದಕ್ಕಿಂತ ಕಿರಿದಾದ ಯೋಜನೆಯನ್ನು ತಂದಿತು; ಪೂರ್ಣ ವಿಸ್ತರಣೆ 2020ರ ಜನವರಿಯವರೆಗೆ ಕಾಯಬೇಕಾಯಿತು. ನೆಬ್ರಾಸ್ಕದಲ್ಲಿ ನೆರವು ದೊರೆತದ್ದು ಸುಮಾರು ಎರಡು ವರ್ಷಗಳ ಅನಂತರ, 2020ರ ಅಕ್ಟೋಬರಿನಲ್ಲಿ. ಸಾಮಾನ್ಯ ಕಾನೂನಾದರೆ ಶಾಸಕರು ಅಳಿಸಿಬಿಡುತ್ತಾರೆಂಬುದನ್ನು ಕಂಡ ಓಕ್ಲಹೋಮ, ಮಿಸೌರಿ, ದಕ್ಷಿಣ ಡಕೋಟದ ಕಾರ್ಯಕರ್ತರು ತಮ್ಮ ಪ್ರಸ್ತಾವವನ್ನು ರಾಜ್ಯ ಸಂವಿಧಾನದ ತಿದ್ದುಪಡಿಯಾಗಿಯೇ ಬರೆದರು. ಮಿಸೌರಿಯ ಶಾಸನಸಭೆ ಅಷ್ಟಕ್ಕೂ ಬಗ್ಗಲಿಲ್ಲ, ಹಣ ಒದಗಿಸುವುದಿಲ್ಲವೆಂದಿತು. 2021ರ ಮೇ ತಿಂಗಳಲ್ಲಿ ಗವರ್ನರ್ ಮೈಕ್ ಪಾರ್ಸನ್ ಅವರು ಜಾರಿಯ ಯೋಜನೆಯನ್ನು ಹಿಂತೆಗೆದುಕೊಂಡರು. ಕೊನೆಗೆ ಜುಲೈ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಸರ್ವಾನುಮತದಿಂದ ಜನರ ತೀರ್ಪನ್ನು ಎತ್ತಿಹಿಡಿಯಿತು.

ತಡಮಾಡುವುದು ಒಂದು ಉಪಾಯವಾದರೆ, ಮುಂದೆ ಯಾರೂ ಕೇಳಲಾಗದಂತೆ ಮಾಡುವುದು ಇನ್ನೊಂದು. ಇದು ಮೊದಲನೆಯದಕ್ಕಿಂತ ಅಪಾಯಕರ. ಐಡಹೊ ಶಾಸನಸಭೆ 2021ರಲ್ಲಿ ಹೊಸ ಕಾನೂನು ಮಾಡಿ, 18 ಕ್ಷೇತ್ರಗಳ ಬದಲು 35 ಕ್ಷೇತ್ರಗಳಲ್ಲಿಯೂ ಸಹಿ ಸಂಗ್ರಹವಾಗಬೇಕೆಂದಿತು. ಅಂದರೆ ಯಾವುದೋ ಒಂದು ಕ್ಷೇತ್ರ ಹಿಂದೆ ಸರಿದರೆ ಇಡೀ ರಾಜ್ಯದ ಬಾಯಿ ಮುಚ್ಚಿದಂತೆ. ಅದೇ ವರ್ಷದ ಆಗಸ್ಟಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ದಕ್ಷಿಣ ಡಕೋಟದಲ್ಲಿ ಮೆಡಿಕೇಡ್ ಪ್ರಸ್ತಾವವು ನವೆಂಬರಿನಲ್ಲಿ ಮತಕ್ಕೆ ಬರಲಿದೆಯೆಂದು ತಿಳಿದ ಶಾಸಕರು, ಹೆಚ್ಚಿನ ಜನ ಮತ ಹಾಕಲು ಬಾರದ 2022ರ ಜೂನ್ ತಿಂಗಳ ಚುನಾವಣೆಯಲ್ಲಿ ಒಂದು ತಿದ್ದುಪಡಿಯನ್ನು ಮುಂದಿಟ್ಟರು. ದೊಡ್ಡ ವೆಚ್ಚದ ಪ್ರಸ್ತಾವಗಳಿಗೆ ಇನ್ನು ಮುಂದೆ ಶೇಕಡಾ 60ರಷ್ಟು ಮತ ಬೇಕೆಂಬುದು ಅದರ ಸಾರ. ಜನರು ಮೋಸ ಹೋಗಲಿಲ್ಲ. ಮೂವರಲ್ಲಿ ಇಬ್ಬರು ಅದನ್ನು ತಿರಸ್ಕರಿಸಿದರು. ನವೆಂಬರಿನಲ್ಲಿ ಮೆಡಿಕೇಡಿಗೆ ದೊರೆತದ್ದು ಶೇಕಡಾ 56. ಜೂನ್ ತಿಂಗಳ ಆ ಒಂದು ಎಚ್ಚರವಿಲ್ಲದಿದ್ದರೆ ನವೆಂಬರಿನ ಬಹುಮತವೂ ಸೋಲೆಂದೇ ಲೆಕ್ಕವಾಗುತ್ತಿತ್ತು!

ಮಿಸಿಸಿಪ್ಪಿಯ ಬಡವರಿಗೆ ಈ ಅದೃಷ್ಟವೂ ಇರಲಿಲ್ಲ. ಅಲ್ಲಿಯ ಸಂವಿಧಾನವು ಸಹಿಗಳು ಐದು ಸಂಸತ್ ಕ್ಷೇತ್ರಗಳಿಂದ ಸಮನಾಗಿ ಬರಬೇಕೆಂದು ಹೇಳುತ್ತಿತ್ತು. 2000ದ ಜನಗಣತಿಯ ಅನಂತರ ಆ ರಾಜ್ಯಕ್ಕೆ ಉಳಿದದ್ದು ನಾಲ್ಕೇ ಕ್ಷೇತ್ರಗಳು. ಬೇರೊಂದು ಪ್ರಸ್ತಾವದ ಮೊಕದ್ದಮೆಯಲ್ಲಿ 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಐದು ಕ್ಷೇತ್ರಗಳೇ ಇಲ್ಲವಾದ್ದರಿಂದ ಯಾವ ಅರ್ಜಿಯೂ ಊರ್ಜಿತವಲ್ಲವೆಂದು ತೀರ್ಪಿತ್ತಿತು. ಆಗತಾನೆ ಆರಂಭವಾಗಿದ್ದ ಮೆಡಿಕೇಡ್ ಸಹಿ ಸಂಗ್ರಹ ಅಲ್ಲಿಗೇ ನಿಂತುಹೋಯಿತು. ಒಂದು ಅಂಕಿಯನ್ನು ತಿದ್ದಿದರೆ ಸರಿಹೋಗುವ ದೋಷವದು. ಅನಂತರದ ಅಧಿವೇಶನಗಳಲ್ಲಿ ಅದನ್ನು ಸರಿಪಡಿಸುವ ಪ್ರಯತ್ನಗಳು ಒಂದೊಂದಾಗಿ ಬಿದ್ದುಹೋದವು. 2024ರಲ್ಲಿ ಕೆಳಮನೆಯು ಭಾರಿ ಬಹುಮತದಿಂದ ವಿಸ್ತರಣೆಯ ಮಸೂದೆಯನ್ನು ಅಂಗೀಕರಿಸಿತಾದರೂ ಮೇಲ್ಮನೆಯೊಡನೆ ಹೊಂದಾಣಿಕೆಯಾಗದೆ ಅದೂ ಸತ್ತುಹೋಯಿತು.

ಶಾಸನಸಭೆಗಳೆಲ್ಲವೂ ಕಲ್ಲಾಗಿವೆಯೆಂದು ನಾವು ಹೇಳುವುದಿಲ್ಲ. ಉತ್ತರ ಕೆರೊಲಿನದಲ್ಲಿ ಜನರಿಗೆ ಪ್ರಸ್ತಾವ ತರುವ ಹಕ್ಕಿಲ್ಲ. ಅಲ್ಲಿ ವರ್ಷಗಟ್ಟಲೆ ವಿರೋಧಿಸಿದ ಮೇಲ್ಮನೆಯ ರಿಪಬ್ಲಿಕನ್ ನಾಯಕ ಫಿಲ್ ಬರ್ಗರ್ ಅವರು ಮನಸ್ಸು ಬದಲಿಸಿ, ಡೆಮಾಕ್ರಟಿಕ್ ಗವರ್ನರ್ ರಾಯ್ ಕೂಪರ್ ಅವರೊಡನೆ ಕೈಜೋಡಿಸಿದರು. 2023ರ ಮಾರ್ಚ್ 27ರಂದು ಕಾನೂನಾಯಿತು. ಡಿಸೆಂಬರ್ 1ರಂದು ಜಾರಿಗೆ ಬಂತು. ಸುಮಾರು ಒಂದು ವರ್ಷದಲ್ಲಿ ಆರು ಲಕ್ಷ ಜನ ಸೇರಿಕೊಂಡರು. ಎರಡು ಪಕ್ಷಗಳು ಹಠ ಬಿಟ್ಟರೆ ಎಷ್ಟು ಮನೆಗಳಲ್ಲಿ ನೆಮ್ಮದಿ ಮೂಡಬಹುದೆಂಬುದಕ್ಕೆ ಇದು ನಿದರ್ಶನ. ಹೀಗಿದ್ದರೂ 2025ರ ಕೊನೆಗೆ ಟೆಕ್ಸಾಸ್, ಫ್ಲಾರಿಡ, ಜಾರ್ಜಿಯ ಸೇರಿದಂತೆ ಹತ್ತು ರಾಜ್ಯಗಳು ವಿಸ್ತರಣೆಯ ಹೊರಗೇ ಉಳಿದಿದ್ದವು.

ರಾಜ್ಯದಲ್ಲಿ ಹೀಗೆ ಹನಿಹನಿಯಾಗಿ ಕೂಡಿಸಿದ್ದನ್ನು ರಾಜಧಾನಿಯಲ್ಲಿ ಒಂದೇ ಏಟಿಗೆ ಚೆಲ್ಲಬಹುದು. 2017ರ ಜುಲೈ 28ರ ಬೆಳಗಿನ ಜಾವ ಸೆನೆಟ್ ಸಭೆಯಲ್ಲಿ ಒಬಾಮ ಕಾನೂನನ್ನು ಕಳಚುವ ಮಸೂದೆ 49ಕ್ಕೆ 51 ಮತಗಳಿಂದ ಬಿದ್ದುಹೋಯಿತು. ಜಾನ್ ಮೆಕೇನ್, ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಎಂಬ ಮೂವರು ರಿಪಬ್ಲಿಕನ್ ಸದಸ್ಯರು ಪಕ್ಷವನ್ನು ಮೀರಿ ನಿಂತದ್ದೇ ಕಾರಣ. 2025ರಲ್ಲಿ ಅಂತಹ ತಡೆ ಒದಗಲಿಲ್ಲ. ತೆರಿಗೆ ಕಡಿತಗಳನ್ನು ಮುಂದುವರಿಸುವ ಬೃಹತ್ ಮಸೂದೆಯು ಸೆನೆಟಿನಲ್ಲಿ 50ಕ್ಕೆ 50 ಸಮವಾಗಿ, ಉಪಾಧ್ಯಕ್ಷ ಜೆ. ಡಿ. ವಾನ್ಸ್ ಅವರ ಒಂದು ಮತದಿಂದ ಗೆದ್ದಿತು. ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಮಾಡಿದರು. ಹತ್ತು ವರ್ಷಗಳಲ್ಲಿ ಮೆಡಿಕೇಡಿಗೆ ಕೇಂದ್ರದ ವೆಚ್ಚ 900 ಶತಕೋಟಿ ಡಾಲರಿಗೂ ಹೆಚ್ಚು ಕುಗ್ಗಲಿದೆಯೆಂದೂ, ಇಡೀ ಕಾನೂನಿನಿಂದ 2034ರ ವೇಳೆಗೆ ಸುಮಾರು ಒಂದು ಕೋಟಿ ಜನ ವಿಮೆ ಕಳೆದುಕೊಳ್ಳುವರೆಂದೂ ಸಂಸತ್ತಿನ ಆಯವ್ಯಯ ಕಚೇರಿಯೇ ಅಂದಾಜು ಮಾಡಿತು.

ಮಿಸೌರಿಯ ಸೆನೆಟರ್ ಜೋಶ್ ಹಾಲಿ ಅವರು ಅದೇ ವರ್ಷದ ಮೇ ತಿಂಗಳಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ತಮ್ಮ ರಾಜ್ಯದ ಮತದಾರರೇ ಮೆಡಿಕೇಡನ್ನು ಒಪ್ಪಿರುವಾಗ ಅದನ್ನು ಕಡಿತಗೊಳಿಸುವುದು ನೀತಿಯೂ ಅಲ್ಲ, ಜಾಣತನವೂ ಅಲ್ಲವೆಂಬ ಅಭಿಪ್ರಾಯ ಸೂಚಿಸಿದ್ದರು. ಮಸೂದೆ ಮತಕ್ಕೆ ಬಂದಾಗ ಅದರ ಪರವಾಗಿಯೇ ಮತ ಹಾಕಿದರು. ಉತ್ತರ ಕೆರೊಲಿನದ ಸೆನೆಟರ್ ಥಾಮ್ ಟಿಲ್ಲಿಸ್ ಅವರು ವಿರುದ್ಧವಾಗಿ ಮತ ಹಾಕಿದರು. ಜೊತೆಗೆ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದೂ ಸಾರಿದರು. ಆಡಿದ ಮಾತಿಗೂ ಹಾಕಿದ ಮತಕ್ಕೂ ಇರುವ ದೂರವನ್ನು ಅಳೆಯಲು ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಈ ಕಾನೂನಿನ ಮುಖ್ಯ ಅಂಶವೊಂದನ್ನು ನಮ್ಮ ಓದುಗರು ನ್ಯಾಯಬುದ್ಧಿಯಿಂದ ಪರಿಶೀಲಿಸಬೇಕು. ವಿಸ್ತರಣೆಯಿಂದ ಸೇರಿದ 19ರಿಂದ 64 ವರ್ಷದೊಳಗಿನ ವಯಸ್ಕರು ತಿಂಗಳಿಗೆ 80 ಗಂಟೆ ದುಡಿಮೆ, ವಿದ್ಯಾಭ್ಯಾಸ ಇಲ್ಲವೇ ಸೇವೆ ಮಾಡುತ್ತಿರುವುದಾಗಿ ರುಜುವಾತು ಪಡಿಸಬೇಕು. 2027ರ ಜನವರಿ 1ರೊಳಗೆ ಇದು ಜಾರಿಗೆ ಬರಬೇಕೆಂದು ವಿಧಿಸಲಾಗಿದೆ. ರೋಗಿಗಳಿಗೆ, 13 ವರ್ಷದವರೆಗಿನ ಮಕ್ಕಳಿರುವ ತಂದೆತಾಯಿಗಳಿಗೆ ಮತ್ತಿತರರಿಗೆ ವಿನಾಯಿತಿ ಉಂಟು. ಮೇಲುನೋಟಕ್ಕೆ ಇದರಲ್ಲಿ ತಪ್ಪೇನು? ದುಡಿದು ಉಣ್ಣಬೇಕೆಂಬುದು ಎಲ್ಲ ದೇಶದ ಸಜ್ಜನರೂ ಒಪ್ಪುವ ಮಾತು. ಕಾಯಕವನ್ನು ಬಲ್ಲ ನಮ್ಮಂಥವರಿಗಂತೂ ಅದು ಹೊಸದಲ್ಲ. 2024ರಲ್ಲಿ ದಕ್ಷಿಣ ಡಕೋಟದ ಮತದಾರರೂ ಇಂತಹ ನಿಯಮಕ್ಕೆ ಅವಕಾಶವಿರಲೆಂದು ಮತ ಕೊಟ್ಟರು. ಅವರ ಭಾವನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೆ ಅನುಭವ ಏನು ಹೇಳುತ್ತದೆ? ಅರ್ಕನ್ಸಾ ರಾಜ್ಯವು 2018ರಲ್ಲಿ ಇಂತಹ ನಿಯಮ ತಂದಿತು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ನೆರವನ್ನು ಕಳೆದುಕೊಂಡರು. ದುಡಿಮೆಯ ಲೆಕ್ಕವನ್ನು ಗಣಕಯಂತ್ರದ ಜಾಲದ ಮೂಲಕ ಒಪ್ಪಿಸಬೇಕಿತ್ತು. ಆ ಜಾಲತಾಣವು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು! ಹಗಲೆಲ್ಲ ದುಡಿಯುವವನು ಲೆಕ್ಕ ಒಪ್ಪಿಸುವುದು ಯಾವಾಗ? 2019ರ ಮಾರ್ಚಿನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಈ ನಿಯಮದಿಂದ ದುಡಿಯುವವರ ಸಂಖ್ಯೆ ಹೆಚ್ಚಲಿಲ್ಲವೆಂದೂ, ವಿಮೆಯಿಲ್ಲದವರ ಸಂಖ್ಯೆ ಮಾತ್ರ ಹೆಚ್ಚಿತೆಂದೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ ಪ್ರಕಟಿಸಿದರು. ಜಾರ್ಜಿಯದಲ್ಲಿ 2023ರ ಜುಲೈನಲ್ಲಿ ಆರಂಭವಾದ ಇಂತಹ ಯೋಜನೆಗೆ ಮೊದಲ ವರ್ಷದಲ್ಲಿ ಸೇರಿದವರು ಸುಮಾರು 4,300 ಮಂದಿ ಮಾತ್ರ. ಅಂಗವೈಕಲ್ಯವಿಲ್ಲದ ಮೆಡಿಕೇಡ್ ವಯಸ್ಕರಲ್ಲಿ ಮೂವರಿಗೆ ಇಬ್ಬರಂತೆ ಆಗಲೇ ದುಡಿಯುತ್ತಿರುವವರು. ಉಳಿದವರಲ್ಲಿ ಹೆಚ್ಚಿನವರು ಕಾಯಿಲೆಯವರು, ಓದುವವರು, ಮನೆಯ ವೃದ್ಧರನ್ನು ನೋಡಿಕೊಳ್ಳುವವರು. ಸೋಮಾರಿಯನ್ನು ಹಿಡಿಯಲು ಹಾಕಿದ ಬಲೆಗೆ ದುಡಿಮೆಗಾರನೇ ಬೀಳುತ್ತಾನೆ.

ವಿರೋಧಿಗಳ ಇನ್ನೊಂದು ವಾದ ವೆಚ್ಚದ್ದು. ಕೇಂದ್ರವು ಇಂದು ಶೇಕಡಾ 90 ಕೊಟ್ಟರೂ ನಾಳೆ ಕೈಬಿಟ್ಟರೆ ರಾಜ್ಯದ ಗತಿಯೇನು ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಇನ್ನೊಂದು ಪಕ್ಕದ ಲೆಕ್ಕವನ್ನೂ ನೋಡಬೇಕು. 1986ರ ಕಾನೂನಿನಂತೆ ತುರ್ತು ಚಿಕಿತ್ಸೆಗೆ ಬಂದ ರೋಗಿಯನ್ನು ಹಣವಿಲ್ಲವೆಂದು ಆಸ್ಪತ್ರೆಗಳು ಹಿಂದಿರುಗಿಸುವಂತಿಲ್ಲ. ವಿಮೆಯಿಲ್ಲದವನು ಕಾಯಿಲೆ ಉಲ್ಬಣಿಸುವವರೆಗೆ ಕಾದು ಕೊನೆಗೆ ಅಲ್ಲಿಗೇ ಬರುತ್ತಾನೆ. ಅವನಿಂದ ವಸೂಲಾಗದ ಹಣದ ಹೊರೆ ಆಸ್ಪತ್ರೆಯ ಮೇಲೆ ಬೀಳುತ್ತದೆ. 2010ರಿಂದೀಚೆಗೆ ಅಮೆರಿಕೆಯ ಗ್ರಾಮಾಂತರದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಒಳರೋಗಿಗಳ ಚಿಕಿತ್ಸೆಯನ್ನು ನಿಲ್ಲಿಸಿವೆ ಇಲ್ಲವೇ ಬಾಗಿಲು ಮುಚ್ಚಿವೆ. ಊರಿನ ಆಸ್ಪತ್ರೆ ಮುಚ್ಚಿದರೆ ವಿಮೆಯುಳ್ಳ ಶ್ರೀಮಂತ ರೈತನಿಗೂ ಹೆರಿಗೆಗೆ, ಎದೆನೋವಿಗೆ ದೂರದ ದಾರಿಯೇ ಗತಿ. ಬಡವನಿಗೆ ನಿರಾಕರಿಸಿದ್ದು ಕಡೆಗೆ ಊರಿಗೇ ಇಲ್ಲವಾಗುತ್ತದೆ.

ನಮ್ಮ ಓದುಗರ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿರುವ ಮನೆಗಳು ಕಡಿಮೆಯೇನಲ್ಲ. ಅವರಿಗೂ ಈ ವಿಷಯಕ್ಕೂ ಸಂಬಂಧವುಂಟು. 1996ರ ಕಾನೂನಿನಂತೆ ಗ್ರೀನ್ ಕಾರ್ಡ್ ಪಡೆದವರಲ್ಲಿ ಹೆಚ್ಚಿನವರು ಮೆಡಿಕೇಡಿಗೆ ಅರ್ಹರಾಗಲು ಐದು ವರ್ಷ ಕಾಯಬೇಕು. ಮಕ್ಕಳೊಡನೆ ನೆಲೆಸಲೆಂದು ಅಲ್ಲಿಗೆ ಹೋಗುವ ವೃದ್ಧ ತಂದೆತಾಯಿಗಳು, ಅಲ್ಲಿ ದುಡಿದ ದಾಖಲೆಯಿಲ್ಲದಿದ್ದರೆ, ಹಣ ಕೊಟ್ಟು ಮೆಡಿಕೇರ್ ಕೊಳ್ಳುವುದಕ್ಕೂ ಐದು ವರ್ಷಗಳ ವಾಸ ಬೇಕು. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಇವೆರಡೂ ಇಲ್ಲ. ಆದಕಾರಣ ಹೊರಡುವ ಮುನ್ನವೇ ಖಾಸಗಿ ವಿಮೆಯ ಏರ್ಪಾಟು ಮಾಡಿಕೊಳ್ಳಬೇಕೆಂದು ಹಿರಿಯರಿಗೆ ನಾವು ಸೂಚಿಸುತ್ತೇವೆ. ಅಲ್ಲಿ ಪೌರತ್ವ ಪಡೆದು ಮತದಾರರಾಗಿರುವ ನಮ್ಮ ಬಂಧುಗಳಿಗೆ ಹೇಳುವುದೂ ಒಂದಿದೆ. ಅಧ್ಯಕ್ಷರ ಹೆಸರಿನ ಮುಂದೆ ಗುರುತು ಹಾಕಿ ಮತಪತ್ರವನ್ನು ಮಡಿಸಿಡಬೇಡಿ. ಅದರ ಕೆಳಭಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ, ನಿಮ್ಮ ರಾಜ್ಯದ ಪ್ರಸ್ತಾವಗಳಿರುತ್ತವೆ. ಅವುಗಳನ್ನು ನಿಧಾನವಾಗಿ ಓದಿ.

ಏಕೆಂದರೆ ಹೋರಾಟ ಈಗ ಆ ಸಣ್ಣ ಅಕ್ಷರಗಳಿಗಾಗಿಯೇ ನಡೆದಿದೆ. 2024ರ ನವೆಂಬರಿನಲ್ಲಿ ಮಿಸೌರಿಯ ಮತದಾರರು ಕನಿಷ್ಠ ಕೂಲಿಯ ಏರಿಕೆಯನ್ನೂ ಕಾಯಿಲೆಯ ದಿನಗಳಿಗೆ ಸಂಬಳಸಹಿತ ರಜೆಯನ್ನೂ ಶೇಕಡಾ 57ಕ್ಕೂ ಹೆಚ್ಚು ಮತಗಳಿಂದ ಒಪ್ಪಿದರು; ಮರುವರ್ಷವೇ ಶಾಸನಸಭೆ ಆ ರಜೆಯನ್ನು ರದ್ದುಪಡಿಸಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಶಾಸನಸಭೆ, ಜನರು ತರುವ ಸಂವಿಧಾನ ತಿದ್ದುಪಡಿಗೆ ರಾಜ್ಯದ ಎಂಟು ಸಂಸತ್ ಕ್ಷೇತ್ರಗಳಲ್ಲಿ ಪ್ರತಿಯೊಂದರಲ್ಲೂ ಬಹುಮತ ಬೇಕೆಂಬ ನಿಯಮವನ್ನು ಮತದಾರರ ಮುಂದಿಡಲು ನಿರ್ಧರಿಸಿತು. ಪ್ರಸ್ತಾವದ ಹಕ್ಕಿಗೆ ತವರುಮನೆಯಾದ ದಕ್ಷಿಣ ಡಕೋಟದ ಶಾಸನಸಭೆಯೂ 2025ರಲ್ಲಿ, ಸಂವಿಧಾನ ತಿದ್ದುಪಡಿಗಳಿಗೆ ಶೇಕಡಾ 60ರಷ್ಟು ಮತ ಬೇಕೆಂಬ ನಿಯಮವನ್ನು ಮತ್ತೊಮ್ಮೆ ಜನರ ಮುಂದಿಡಲು ನಿಶ್ಚಯಿಸಿತು.

ಸಂವಿಧಾನವನ್ನು ಸುಲಭವಾಗಿ ತಿದ್ದಬಾರದೆಂಬುದು ಒಪ್ಪತಕ್ಕ ಮಾತೇ. ಆದರೆ ಉತ್ತರ ತಮಗೆ ಹಿಡಿಸಲಿಲ್ಲವೆಂಬ ಕಾರಣಕ್ಕೆ ಪ್ರಶ್ನೆಯನ್ನೇ ನಿಷೇಧಿಸುವುದು ವಿವೇಕದ ಲಕ್ಷಣವಲ್ಲ. ತನ್ನನ್ನು ಆರಿಸಿ ಕಳಿಸುವಾಗ ಬುದ್ಧಿವಂತನಾಗಿದ್ದ ಮತದಾರ, ನೆರೆಯವನ ಔಷಧಿಗೆ ಮತ ಹಾಕುವಾಗ ಅವಿವೇಕಿಯಾದನೆಂದು ಪ್ರತಿನಿಧಿಯು ಭಾವಿಸುವುದು ಹೇಗೆ? ಪ್ರಜಾಪ್ರಭುತ್ವವೆಂಬುದು ಐದು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ ಜನರ ಬಾಯಿ ತೆರೆಸಿ ಮತ್ತೆ ಮುಚ್ಚಿಸುವ ವಿಧಿಯಲ್ಲ. ಐಡಹೊದ ಗುಡ್ಡಗಳಲ್ಲಿ, ಡಕೋಟದ ಬಯಲಿನಲ್ಲಿ, ಓಕ್ಲಹೋಮದ ಹೊಲಗಳ ನಡುವೆ ಬಾಳುವ ಸಾಮಾನ್ಯ ಜನರು ತಮ್ಮನ್ನು ಕೇಳಿದಾಗ ಬಡವನ ಕೈ ಬಿಡಲಿಲ್ಲ. ಅವರನ್ನು ಕೇಳುವ ದಾರಿ ಮುಚ್ಚದಿರಲಿ. ಅವರು ಕೊಟ್ಟ ಉತ್ತರವನ್ನು ಆಳುವವರು ಗೌರವಿಸುವಂತಾಗಲಿ ಎಂಬುದು ನಮ್ಮ ಹಾರೈಕೆ.